ಲೈಕ್ ಸಾವಿರ, ಆರ್ಡರ್ ಎರಡು: ಭಾವಚಿತ್ರಕ್ಕೆ ಗಿರಾಕಿ ಎಲ್ಲಿದ್ದಾರೆ?

ಪ್ರಶ್ನೆ: ನಾನು ರಾಣೆಬೆನ್ನೂರು ಹತ್ತಿರದ ಊರಿನವಳು. ದಾವಣಗೆರೆಯಲ್ಲಿ ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿ ಎರಡು ವರ್ಷವಾಯಿತು. ಪೆನ್ಸಿಲ್ ಮತ್ತು ಇದ್ದಿಲ ಕಡ್ಡಿ, ಅಂದರೆ ಚಾರ್ಕೋಲ್‌ನಲ್ಲಿ ಭಾವಚಿತ್ರ ಬರೆಯುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಆರು ಸಾವಿರ ಫಾಲೋವರ್ಸ್ ಇದ್ದಾರೆ. ಅಪ್ಪು ಚಿತ್ರ ಹಾಕಿದರೆ ಸಾವಿರಗಟ್ಟಲೆ ಲೈಕ್ ಬರುತ್ತದೆ, ಆದರೆ ಆರ್ಡರ್ ತಿಂಗಳಿಗೆ ಒಂದೋ ಎರಡೋ. ಎ4 ಅಳತೆಗೆ ₹800 ಎಂದರೂ ಚೌಕಾಸಿ ಮಾಡುತ್ತಾರೆ. ಪರಿಚಯದವರಂತೂ ಪುಕ್ಕಟೆ ಕೇಳುತ್ತಾರೆ. ಗಿರಾಕಿಗಳನ್ನು ಹುಡುಕುವುದು ಹೇಗೆ? ಬೆಂಗಳೂರಿನ ಚಿತ್ರಸಂತೆಗೆ ಹೋದರೆ ಉಪಯೋಗವಿದೆಯೇ? ತೈಲವರ್ಣ ಕಲಿಯಲೇಬೇಕೇ?

ಉತ್ತರ: ಮೊದಲು ಆ ಆರು ಸಾವಿರ ಜನ ಯಾರು ಅಂತ ನೋಡೋಣ. ಅರ್ಧ ಜನ ನಿಮ್ಮ ಹಾಗೇ ಚಿತ್ರ ಬರೆಯುವವರು, ಉಳಿದರ್ಧ ಅಪ್ಪು ಅಭಿಮಾನಿಗಳು. 2021ರ ಅಕ್ಟೋಬರ್ ನಂತರ ಕರ್ನಾಟಕದಲ್ಲಿ ಪೆನ್ಸಿಲ್ ಹಿಡಿದವರೆಲ್ಲ ಒಮ್ಮೆಯಾದರೂ ಪುನೀತ್ ಅವರ ಮುಖ ಬರೆದಿದ್ದಾರೆ. ಆ ಲೈಕು ಬಿದ್ದದ್ದು ಅಪ್ಪುಗೆ, ನಿಮ್ಮ ಕೈಚಳಕಕ್ಕೆ ಸಿಕ್ಕಿದ್ದು ಅದರಲ್ಲಿ ಸ್ವಲ್ಪ. ಅದು ಕೆಟ್ಟದ್ದೇನಲ್ಲ, ಆದರೆ ಅಲ್ಲಿ ಗಿರಾಕಿ ಇಲ್ಲ.

ಭಾವಚಿತ್ರ ಮಾಡಿಸುವವರು ಸಾಮಾನ್ಯವಾಗಿ ಕಲಾಪ್ರೇಮಿಗಳಲ್ಲ. ಬಹುಪಾಲು ಜನ ಅದಕ್ಕೆ ಮುಂಚೆ ಒಂದು ಚಿತ್ರವನ್ನೂ ಕೊಂಡಿರುವುದಿಲ್ಲ, ಆಮೇಲೂ ಕೊಳ್ಳುವುದಿಲ್ಲ. ಅವರ ಮನೆಯಲ್ಲಿ ಒಂದು ತಾರೀಕು ಇರುತ್ತದೆ ಅಷ್ಟೆ: ಅಪ್ಪನ ವರ್ಷದ ಪುಣ್ಯಸ್ಮರಣೆ, ಮೇಷ್ಟ್ರ ನಿವೃತ್ತಿ, ಅಜ್ಜ ಅಜ್ಜಿಯ ಷಷ್ಟ್ಯಬ್ದಿ. ಅವರು ಕಲಾವಿದರನ್ನು ಹುಡುಕುವುದಿಲ್ಲ, ‘ಏನು ಕೊಡೋಣ, ಏನು ಇಡೋಣ’ ಅಂತ ಯೋಚಿಸುತ್ತಿರುತ್ತಾರೆ. ಆ ಹೊತ್ತಿಗೆ ನಿಮ್ಮ ಹೆಸರು ಯಾರೋ ಒಬ್ಬರ ಬಾಯಲ್ಲಿ ಬರಬೇಕು. ಆದ್ದರಿಂದ ಗಿರಾಕಿಯ ಬೆನ್ನು ಹತ್ತುವುದಕ್ಕಿಂತ, ಊರಿನ ಇಂಥ ತಾರೀಕುಗಳು ಯಾರಿಗೆ ಮೊದಲು ಗೊತ್ತಾಗುತ್ತವೋ ಅವರ ಪರಿಚಯ ಮಾಡಿಕೊಳ್ಳಿ.

ಅಂಥವರಲ್ಲಿ ಮೊದಲನೆಯವನು ಫೋಟೋಗೆ ಕಟ್ಟು ಹಾಕುವ ಅಂಗಡಿಯವನು. ಮನೆಯಲ್ಲಿ ಹಿರಿಯರು ತೀರಿಕೊಂಡ ಎರಡು ಮೂರು ದಿನಕ್ಕೆ ಮಗನೋ ಅಳಿಯನೋ ಮೊಬೈಲ್ ಹಿಡಿದು ಅಲ್ಲಿಗೆ ಬರುತ್ತಾನೆ. ತೋರಿಸುವುದು ಆಧಾರ್ ಕಾರ್ಡಿನ ಫೋಟೋ, ಇಲ್ಲವೇ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ ಮುಖ. ಅದನ್ನೇ ಹನ್ನೆರಡು ಹದಿನೆಂಟು ಇಂಚಿಗೆ ಹಿಗ್ಗಿಸಿದರೆ ಕಣ್ಣು ಮೂಗೆಲ್ಲ ಕಲಸಿಹೋಗುತ್ತದೆ. ಅಂಗಡಿಯವನಿಗೂ ಅದು ಗೊತ್ತು, ಆದರೆ ಅವನ ಹತ್ತಿರ ಬೇರೆ ದಾರಿ ಇರುವುದಿಲ್ಲ. ನೀವು ಒಂದು ಮಾದರಿ ಮಾಡಿ ಅವನ ಅಂಗಡಿಯಲ್ಲಿ ತೂಗುಹಾಕಿ. ಅದು ಸಿನಿಮಾ ನಟನದ್ದಾಗಿರಬಾರದು. ನಿಮ್ಮ ಮನೆಯದೇ ಯಾರಾದರೂ ಹಿರಿಯರ ಹಾಳಾದ ಫೋಟೋ, ಅದರ ಪಕ್ಕದಲ್ಲೇ ಅದರಿಂದ ನೀವು ಬರೆದ ಚಿತ್ರ, ಎರಡೂ ಒಂದೇ ಫ್ರೇಮಿನಲ್ಲಿ. ನೋಡಿದವರಿಗೆ ಬಾಯಿಬಿಟ್ಟು ಹೇಳಬೇಕಾದ್ದು ಏನೂ ಉಳಿಯುವುದಿಲ್ಲ.

ಕಮಿಷನ್ ಎಷ್ಟು ಅಂತ ಅವನು ಕೇಳೇ ಕೇಳುತ್ತಾನೆ. ಶೇಕಡಾವಾರು ಲೆಕ್ಕಕ್ಕೆ ಇಳಿಯುವುದಕ್ಕಿಂತ ‘ಕಟ್ಟಿನ ಕೆಲಸ ಪೂರ್ತಿ ನಿಮ್ಮದು, ನಾನು ಬರೀ ಚಿತ್ರ ಕೊಡುತ್ತೇನೆ’ ಅನ್ನಿ. ಒಳ್ಳೆಯ ಮೋಲ್ಡಿಂಗ್ (ಚೌಕಟ್ಟಿನ ಪಟ್ಟಿ), ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು), ಗಾಜು ಸೇರಿದರೆ ಅವನಿಗೆ ಅದರಲ್ಲೇ ಲಾಭವಿದೆ. ಗಾಜು ಚಾರ್ಕೋಲಿಗೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡು ಹಾಕಲೇಬೇಕು ಅಂತ ಅವನಿಗೆ ಒಮ್ಮೆ ತೋರಿಸಿಕೊಡಿ. ಇನ್ನೊಂದು ಮಾತು. ಹದಿಮೂರನೇ ದಿನಕ್ಕೇ ಚಿತ್ರ ಬೇಕು ಅನ್ನುವ ಆರ್ಡರ್ ಒಪ್ಪಬೇಡಿ. ದುಃಖದ ಮನೆ, ಅವಸರದ ಕೈ, ಎರಡೂ ಸೇರಿದರೆ ಹೋಲಿಕೆ ತಪ್ಪುತ್ತದೆ. ‘ಈಗ ಪ್ರಿಂಟ್ ಹಾಕಿಸಿ, ವರ್ಷಾಂತಿಕಕ್ಕೆ ಚಿತ್ರ ಕೊಡುತ್ತೇನೆ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಡೈರಿಯಲ್ಲಿ ಒಂದು ತಾರೀಕು ಉಳಿಯುತ್ತದೆ.

ಮಹಾಲಯ ಅಮಾವಾಸ್ಯೆಗೆ ಎರಡು ಮೂರು ವಾರ ಮುಂಚೆ ಇದೇ ಅಂಗಡಿಗೆ ಮತ್ತೆ ಹೋಗಿ. ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಗೋಡೆಯ ಮೇಲಿನ ಹಳೆಯ ಫೋಟೋ ಇಳಿಸಿ ಒರೆಸುವುದು ಆಗಲೇ. ಬೂಷ್ಟು ಹಿಡಿದಿದೆ, ಗಾಜಿಗೆ ಅಂಟಿಕೊಂಡಿದೆ ಅಂತ ಕಣ್ಣಿಗೆ ಬೀಳುವುದೂ ಆಗಲೇ. ಅಂಥ ಫೋಟೋ ಬಂದರೆ ಗಾಜಿನಿಂದ ಕೀಳಲು ಹೋಗಬೇಡಿ, ಮುಖದ ಪದರವೇ ಕಿತ್ತುಬರುತ್ತದೆ. ಗಾಜಿನ ಸಮೇತ ಕಿಟಕಿಯ ಬೆಳಕಿಗೆ ಓರೆಯಾಗಿ ಇಟ್ಟು, ಫ್ಲಾಶ್ ಇಲ್ಲದೆ, ನಿಮ್ಮ ಬೆನ್ನ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿಕೊಂಡು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಪ್ರತಿಬಿಂಬ ಬೀಳುವುದಿಲ್ಲ.

ಇನ್ನು ನಮ್ಮ ಭಾಗದಲ್ಲಿ ಯಾರೂ ಸರಿಯಾಗಿ ಬಳಸಿಕೊಳ್ಳದ ಒಂದು ಅವಕಾಶ ಗುರುವಂದನೆ. ಹಾವೇರಿ, ಗದಗ, ಧಾರವಾಡ ಕಡೆ ಈಗ ಇಪ್ಪತ್ತು ಇಪ್ಪತ್ತೈದು ವರ್ಷ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಹಳೆಯ ಗುರುಗಳನ್ನೆಲ್ಲ ಕರೆಸಿ ಸನ್ಮಾನಿಸುವುದು ಊರೂರಲ್ಲೂ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ಆ ಕಾಣಿಕೆ ಸಾಮಾನ್ಯವಾಗಿ ಹೊಳೆಯುವ ಪ್ಲಾಸ್ಟಿಕ್ ಫಲಕ. ಲೆಕ್ಕ ಹಾಕಿ ನೋಡಿ: ಹತ್ತು ಜನ ಗುರುಗಳು, ಒಬ್ಬೊಬ್ಬರದು ಎ4 ಅಳತೆಯ ಚಾರ್ಕೋಲ್ ಚಿತ್ರ ₹1,500, ಕಟ್ಟಿಗೆ ₹400. ಒಟ್ಟು ₹19,000. ನೂರು ಜನ ಹಳೆಯ ವಿದ್ಯಾರ್ಥಿಗಳು ಹಂಚಿಕೊಂಡರೆ ತಲೆಗೆ ₹190. ಇದನ್ನು ದುಬಾರಿ ಅನ್ನುವವರು ಯಾರೂ ಇರುವುದಿಲ್ಲ. ನಿಮಗೆ ಒಂದೇ ಏಟಿಗೆ ಹತ್ತು ಚಿತ್ರ, ಮೇಲಿಂದ ನೂರು ಮನೆಗೆ ಪರಿಚಯ. ಆ ಗ್ರೂಪಿನಲ್ಲಿ ಬೆಂಗಳೂರು, ಪುಣೆ, ದುಬೈನಲ್ಲಿ ಇರುವವರು ಇರುತ್ತಾರೆ. ಊರಲ್ಲಿರುವ ಅಪ್ಪ ಅಮ್ಮನ ಚಿತ್ರಕ್ಕೆ ಮುಂದಿನ ಫೋನ್ ಬರುವುದು ಅವರಿಂದಲೇ.

ಇಂಥ ಕಾರ್ಯಕ್ರಮ ಇದೆ ಅಂತ ತಿಳಿಯುವುದು ಹೇಗೆ? ಆಮಂತ್ರಣ ಪತ್ರಿಕೆ, ಫ್ಲೆಕ್ಸ್ ಮಾಡುವ ಪ್ರೆಸ್ಸಿನವರಿಗೆ ಎರಡು ವಾರ ಮುಂಚೆ ಗೊತ್ತಾಗುತ್ತದೆ, ಅದು ತಡ. ನೀವು ಓದಿದ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಎರಡು ತಿಂಗಳು ಮುಂಚೆ ಗೊತ್ತಿರುತ್ತದೆ, ಯಾಕೆಂದರೆ ಶಾಲೆಯ ಅಂಗಳ ಕೇಳಲು ಮೊದಲು ಬರುವುದು ಅವರ ಹತ್ತಿರ. ಅವರಿಗೇ ಒಂದು ಚಿತ್ರ ಮಾಡಿಕೊಡಿ. ಪುಕ್ಕಟೆ ಕೊಡಬಹುದಾದ ಕೆಲವೇ ಚಿತ್ರಗಳಲ್ಲಿ ಅದೊಂದು.

ನಿವೃತ್ತಿಯೂ ಹಾಗೇ. ರಾಜ್ಯ ಸರ್ಕಾರಿ ನೌಕರರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ, ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೆ. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಅಂತ ಬರೆದುಕೊಂಡ ಪೀಳಿಗೆ ಈಗ ನಿವೃತ್ತಿಯಾಗುತ್ತಿದೆ, ಹಾಗಾಗಿ ಮೇ 31ಕ್ಕೆ ಬೀಳ್ಕೊಡುಗೆಗಳು ಗುಂಪುಗುಂಪಾಗಿ ಬರುತ್ತವೆ. ಮಾರ್ಚಿನಲ್ಲೇ ತಾಲ್ಲೂಕಿನ ಶಿಕ್ಷಕರ ಸಂಘದವರನ್ನು ಮಾತಾಡಿಸಿ.

ಈಗ ಹೋಲಿಕೆಯ ವಿಷಯ. ‘ಮಾರ್ಕೆಟಿಂಗ್ ಕೇಳಿದರೆ ಇವರು ಡ್ರಾಯಿಂಗ್ ಪಾಠ ಮಾಡುತ್ತಿದ್ದಾರಲ್ಲ’ ಅನ್ನಬೇಡಿ. ಭಾವಚಿತ್ರದಲ್ಲಿ ಮುಂದಿನ ಗಿರಾಕಿಯನ್ನು ತರುವುದು ಹೋಲಿಕೆಯೇ, ಅದರ ತೀರ್ಪು ಕೊಡುವುದು ಮನೆಯವರೇ. “ಭಾಳ ಛೊಲೋ ಆಗೇತ್ರೀ, ಆದ್ರ ಇದು ನಮ್ಮಪ್ಪ ಅಲ್ಲ” ಅಂದುಬಿಟ್ಟರೆ ನಿಮ್ಮ ಶೇಡಿಂಗ್ ಎಷ್ಟು ಮೃದುವಾಗಿದ್ದರೂ ಆ ಚಿತ್ರ ಬೀರು ಸೇರುತ್ತದೆ. ಅರ್ಧ ತೊಂದರೆ ಶುರುವಾಗುವುದು ಫೋಟೋದಲ್ಲೇ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಸಣ್ಣದಾಗಿ ಕಾಣುತ್ತದೆ. ಅದನ್ನು ಕಂಡಂತೆಯೇ ಬರೆದರೆ ಮುಖ ಊದಿಕೊಂಡ ಹಾಗಾಗುತ್ತದೆ. ಬದುಕಿರುವವರಾದರೆ ಏಳೆಂಟು ಅಡಿ ದೂರ ನಿಂತು, ಜೂಮ್ ಮಾಡಿ, ಬಾಗಿಲ ಬೆಳಕಿನಲ್ಲಿ ತೆಗೆದು ಕಳಿಸಲು ಹೇಳಿ. ಮುಂದಿನ ಕ್ಯಾಮೆರಾದ ಚಿತ್ರ ಕೆಲವು ಫೋನುಗಳಲ್ಲಿ ಕನ್ನಡಿಯ ಹಾಗೆ ತಿರುಗಿಕೊಂಡೇ ಉಳಿಯುತ್ತದೆ. ಗಂಡಸರ ಅಂಗಿಯ ಜೇಬು ಬಲಕ್ಕೆ ಬಂದಿದ್ದರೆ ಅನುಮಾನ ಪಡಿ. ಹೆಂಗಸರಾದರೆ ಮೂಗುಬೊಟ್ಟು ಯಾವ ಕಡೆ ಅಂತ ಕೇಳಿಯೇ ಪೆನ್ಸಿಲ್ ಹಿಡಿಯಿರಿ. ಅಜ್ಜಿಯ ಮೂಗುಬೊಟ್ಟು ಎಡದಿಂದ ಬಲಕ್ಕೆ ಹೋದರೆ ಮೊಮ್ಮಗ ಗಮನಿಸಲಿಕ್ಕಿಲ್ಲ, ಮಗಳು ಬಾಗಿಲಲ್ಲೇ ಹಿಡಿಯುತ್ತಾಳೆ. ಕುಂಕುಮ ಉದ್ದವೋ ದುಂಡಗೋ, ವಿಭೂತಿ ಮೂರು ಬೆರಳೋ, ಟೋಪಿ ಹಾಕುತ್ತಿದ್ದರೋ ರುಮಾಲು ಸುತ್ತುತ್ತಿದ್ದರೋ, ಇದನ್ನೆಲ್ಲ ಫೋನಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಹೀಗೆ ಕೇಳುವವರು ಕಡಿಮೆ. ನೀವು ಕೇಳಿದಾಗಲೇ ಆಚೆಯವರ ದನಿ ಬದಲಾಗುತ್ತದೆ.

ಮಸುಕು ಫೋಟೋವನ್ನು ಎಐ ಆ್ಯಪಿಗೆ ಹಾಕಿ ಸ್ಪಷ್ಟ ಮಾಡಿಸಿಕೊಂಡು ಅದರ ಮೇಲೆ ಬರೆಯುವ ಚಟ ಈಗ ಬಂದಿದೆ. ದಯವಿಟ್ಟು ಬೇಡ. ಇಲ್ಲದ ವಿವರವನ್ನು ಅದು ತನಗೆ ತೋಚಿದಂತೆ ತುಂಬುತ್ತದೆ. ಕಣ್ಣು ಹೊಳೆಯುತ್ತದೆ, ಚರ್ಮ ನಯವಾಗುತ್ತದೆ, ಮನುಷ್ಯ ಮಾತ್ರ ಬೇರೆಯಾಗಿರುತ್ತಾನೆ. ಅದರ ಬದಲು ಅದೇ ವ್ಯಕ್ತಿಯ ಇನ್ನೂ ನಾಲ್ಕು ಕೆಟ್ಟ ಫೋಟೋ ತರಿಸಿಕೊಳ್ಳಿ. ಒಂದರಲ್ಲಿ ಕಿವಿ, ಒಂದರಲ್ಲಿ ಗದ್ದ, ಇನ್ನೊಂದರಲ್ಲಿ ನಕ್ಕಾಗ ಬೀಳುವ ಗೆರೆ ಸಿಗುತ್ತದೆ. ಅಣ್ಣ ತಮ್ಮಂದಿರ ಮುಖವೂ ಉಪಯೋಗಕ್ಕೆ ಬರುತ್ತದೆ.

ಹೊರಗೆರೆ ಮುಗಿದಾಗ, ಶೇಡಿಂಗ್ ಶುರುಮಾಡುವ ಮುಂಚೆ, ವಾಟ್ಸಾಪಿನಲ್ಲಿ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ಆದರೆ ಒಪ್ಪಿಗೆ ಕೊಡುವವರು ಮನೆಯಲ್ಲಿ ಒಬ್ಬರೇ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಹೋಯಿತೋ, ದೊಡ್ಡಪ್ಪನಿಗೆ ಮೀಸೆ ದಪ್ಪ ಬೇಕು, ಅತ್ತೆಗೆ ವಯಸ್ಸು ಕಡಿಮೆ ಕಾಣಬೇಕು. ಹೊರಗೆರೆಯಲ್ಲಿ ಎರಡು ಸಲ ತಿದ್ದುವುದು ಬೆಲೆಯಲ್ಲೇ ಸೇರಿದೆ, ಆಮೇಲಿನದಕ್ಕೆ ಬೇರೆ ಹಣ ಅಂತ ಹೇಳಿಬಿಡಿ.

ಬೆಲೆಗೆ ಬರೋಣ. ನಿಮ್ಮೂರಿನ ಗೌಂಡಿ ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತಾನೆ ಕೇಳಿ. ಒಂಬೈನೂರು ಎಂದಿಟ್ಟುಕೊಳ್ಳೋಣ. ಫೋನಿನ ಮಾತು, ಹೊರಗೆರೆ, ತಿದ್ದುಪಡಿ, ಶೇಡಿಂಗ್ ಎಲ್ಲ ಸೇರಿ ಒಂದು ಎ4 ಚಿತ್ರಕ್ಕೆ ನಿಮಗೆ ಎರಡು ದಿನ ಹಿಡಿದರೆ ಕೂಲಿಯೇ ₹1,800. ಕಾಗದ, ಫಿಕ್ಸೆಟಿವ್ (ಚಾರ್ಕೋಲ್ ಉದುರದ ಹಾಗೆ ಸಿಂಪಡಿಸುವ ದ್ರವ), ಪ್ಯಾಕಿಂಗ್ ಬೇರೆ. ₹800 ಅಂದರೆ ನಾಲ್ಕು ವರ್ಷ ಓದಿದ ನೀವು ಗೌಂಡಿಯ ಅರ್ಧ ಕೂಲಿಗೂ ಕಡಿಮೆಗೆ ದುಡಿಯುತ್ತಿದ್ದೀರಿ. ಆದ್ದರಿಂದ ಎ4ಗೆ ₹2,000ದ ಆಸುಪಾಸು, ಎ3ಗೆ ₹3,500 ಅಂತ ಇಟ್ಟುಕೊಳ್ಳಿ. ಅದೇ ಕಾಗದದಲ್ಲಿ ಎರಡನೇ ಮುಖ ಬಂದರೆ ಮೊದಲಿನ ಬೆಲೆಯ ಮುಕ್ಕಾಲು ಭಾಗ ಸೇರಿಸಿ. ಗುರುವಂದನೆಯ ಹಾಗೆ ಹತ್ತು ಒಟ್ಟಿಗೆ ಬಂದಾಗ ಮಾತ್ರ ₹1,500ಕ್ಕೆ ಇಳಿಯಬಹುದು, ಅಲ್ಲಿ ಮಾತುಕತೆಯೆಲ್ಲ ಒಬ್ಬರ ಜೊತೆಗೇ ಮುಗಿಯುತ್ತದೆ. ಬೆಲೆ ಏರಿಸಿದರೆ ಇರುವ ಇಬ್ಬರೂ ಹೋಗುತ್ತಾರೇನೋ ಅನ್ನುವ ಭಯ ನಿಮಗಿರಬಹುದು. ಚೌಕಾಸಿ ಮಾಡುವವರು ₹800ಕ್ಕೂ ಮಾಡುತ್ತಿದ್ದಾರಲ್ಲ! ತಾರೀಕು ಹತ್ತಿರ ಬಂದ ಮನೆಯವರು ಅಷ್ಟು ಎಳೆದಾಡುವುದಿಲ್ಲ.

ಅರ್ಧ ಹಣ ಮುಂಗಡ, ಉಳಿದರ್ಧ ಚಿತ್ರದ ಫೋಟೋ ನೋಡಿದ ಮೇಲೆ, ಕೈಗೆ ಕೊಡುವ ಮುಂಚೆ. ಸೈನ್ಯದಲ್ಲಿದ್ದೇನೆ ಅಂತ ಹೇಳಿಕೊಂಡು, ದರ ಕೇಳದೆ ದೊಡ್ಡ ಆರ್ಡರ್ ಕೊಟ್ಟು, ‘ಹಣ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಅನ್ನುವವರು ಒಬ್ಬರಾದರೂ ನಿಮಗೆ ಸಿಗುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಪುಕ್ಕಟೆ ಕೇಳುವ ಪರಿಚಯದವರಿಗೆ ಜಗಳ ಬೇಡ, ‘ನಿಮಗೆ ಕಟ್ಟು ನನ್ನ ಕಡೆಯಿಂದ’ ಅನ್ನಿ. ಚಿತ್ರಕ್ಕೆ ಬೆಲೆ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ.

ಇನ್‌ಸ್ಟಾಗ್ರಾಂ ಬಿಡಬೇಕಾಗಿಲ್ಲ, ಆದರೆ ಅಲ್ಲಿ ಏನು ಹಾಕುತ್ತೀರಿ ಅನ್ನುವುದು ಬದಲಾಗಬೇಕು. ಹಳೆಯ ಫೋಟೋ ಮತ್ತು ಹೊಸ ಚಿತ್ರ ಅಕ್ಕಪಕ್ಕ, ಬೆಲೆ, ಎಷ್ಟು ದಿನ ಬೇಕು, ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಕಡೆ ನಿಜವಾದ ಅಂಗಡಿ ವಾಟ್ಸಾಪ್ ಸ್ಟೇಟಸ್. ಹಣ ಕೊಡುವ ವಯಸ್ಸಿನವರು ಇರುವುದು ಅಲ್ಲಿ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಮನೆಯ ವಿಳಾಸ ತೋರಿಸದೆ, ಸೇವೆ ಕೊಡುವ ಪ್ರದೇಶ ಮಾತ್ರ ಹಾಕುವ ಅನುಕೂಲವೂ ಇದೆ. ಒಬ್ಬರೇ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಅದು ಒಳ್ಳೆಯದು. ಹೊಸ ಗಿರಾಕಿಗಳನ್ನು ಭೇಟಿಯಾಗುವುದಿದ್ದರೂ ಫ್ರೇಮ್ ಅಂಗಡಿಗೇ ಬರಹೇಳಿ.

ಇಲ್ಲೊಂದು ಕಾನೂನಿನ ಮಾತಿದೆ, ಕಲಾ ಶಾಲೆಯಲ್ಲಿ ಹೇಳುವುದು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಹೇಳಿ ಮಾಡಿಸಿದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದ್ದು. ಬರೆದವರು ನೀವೇ ಆದರೂ ಮೊದಲ ಹಕ್ಕು ಗಿರಾಕಿಯದು. ಹಾಗಾಗಿ ಅವರ ಅಪ್ಪನ ಚಿತ್ರವನ್ನು ಕೇಳದೆ ಇನ್‌ಸ್ಟಾಗ್ರಾಂಗೆ ಹಾಕುವುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಮುಂಗಡ ಪಡೆಯುವಾಗಲೇ ‘ಈ ಚಿತ್ರವನ್ನೂ ಮೂಲ ಫೋಟೋವನ್ನೂ ನನ್ನ ಕೆಲಸದ ಮಾದರಿಯಾಗಿ ತೋರಿಸಲು ಒಪ್ಪಿಗೆ ಇದೆಯೇ?’ ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಕೇಳಿ, ಉತ್ತರ ಉಳಿಸಿಕೊಳ್ಳಿ. ಹೆಚ್ಚಿನವರು ಹೂಂ ಅನ್ನುತ್ತಾರೆ. ಬೇಡ ಅಂದವರದು ಬೇಡ.

ಸಂಸ್ಥೆಗಳ ಕೆಲಸ ನಿಧಾನ, ಆದರೆ ಗಟ್ಟಿ. ಪತ್ತಿನ ಸಹಕಾರಿ ಸಂಘ, ವಕೀಲರ ಸಂಘ, ಮಠದ ವಿದ್ಯಾಸಂಸ್ಥೆ, ಗ್ರಂಥಾಲಯ, ಎಲ್ಲೆಲ್ಲೂ ಸ್ಥಾಪಕರ ಮತ್ತು ಮಾಜಿ ಅಧ್ಯಕ್ಷರ ಚಿತ್ರದ ಸಾಲು ಇರುತ್ತದೆ. ರಜತ ಮಹೋತ್ಸವ, ಶತಮಾನೋತ್ಸವ ಬಂದಾಗ ಆ ಸಾಲು ಹೊಸದಾಗುತ್ತದೆ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ, ಕಚೇರಿಗಳಲ್ಲಿ ಅವರ ಭಾವಚಿತ್ರ ಹಾಕಬೇಕೆಂದಾಗ ಬೇಡಿಕೆ ಹೆಚ್ಚಾಗಿ ಹೋಗಿದ್ದು ಅಚ್ಚಾದ ಪ್ರತಿಗಳಿಗೆ. ಅಂಥ ಕಡೆ ನೀವು ಪೈಪೋಟಿ ಮಾಡಬೇಡಿ. ಅಚ್ಚಿನಲ್ಲಿ ಸಿಗದ ಮುಖ ಆ ಊರಿನ ಸ್ಥಾಪಕರದ್ದು, ನಿಮ್ಮ ಜಾಗ ಅಲ್ಲಿ. ಕೊಟೇಷನ್, ಬಿಲ್, ಪ್ಯಾನ್ ಕೇಳುತ್ತಾರೆ, ಆಡಳಿತ ಮಂಡಳಿಯ ಸಭೆಯಾಗದೆ ಹಣ ಹೊರಗೆ ಬರುವುದಿಲ್ಲ. ಬಾಯಿಮಾತಿಗೆ ಶುರುಮಾಡದೆ ಆರ್ಡರ್ ಪತ್ರ ಪಡೆದುಕೊಳ್ಳಿ. ಒಂದು ಸಂಸ್ಥೆಯ ಗೋಡೆ ಇನ್ನೊಂದಕ್ಕೆ ಕರೆದೊಯ್ಯುತ್ತದೆ. ರಾಜಾ ರವಿವರ್ಮ ಮೈಸೂರು ಅರಮನೆಗೆ ಬಂದದ್ದೂ, ತಿರುವಾಂಕೂರು, ಬರೋಡ ಆಸ್ಥಾನಗಳಲ್ಲಿ ಅವರು ಬರೆದ ಭಾವಚಿತ್ರಗಳು ಹೆಸರಾದ ಮೇಲೆಯೇ. ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳನ್ನು ಹತ್ತಿರದಿಂದ ನೋಡಿ.

ಚಿತ್ರಸಂತೆಗೆ ಖಂಡಿತ ಹೋಗಿ. ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಆ ಒಂದು ದಿನದ ಜಾತ್ರೆಗೆ ಮಳಿಗೆ ಬೇಕಾದರೆ ಮುಂಚಿತವಾಗಿ ಅರ್ಜಿ ಹಾಕಬೇಕು. ಆದರೆ ಅಲ್ಲಿಗೆ ಜನ ಬರುವುದು ಅಪ್ಪನ ಫೋಟೋ ಹಿಡಿದುಕೊಂಡಲ್ಲ. ತಿರುಗಾಡಿಕೊಂಡು, ಮಕ್ಕಳ ಕೈ ಹಿಡಿದು ಬರುತ್ತಾರೆ. ಕಟ್ಟು ಹಾಕಿಸಿದ ಭಾವಚಿತ್ರಗಳ ರಾಶಿ ಹೊತ್ತು ಹೋದರೆ ಹೊತ್ತೇ ವಾಪಸ್ ತರುತ್ತೀರಿ, ಬೇರೆಯವರ ಅಜ್ಜನ ಚಿತ್ರ ಯಾರಿಗೆ ಬೇಕು? ಎರಡು ಸ್ಟೂಲು, ಒಂದು ಬೋರ್ಡು, ಎದುರಿಗೆ ಕೂರಿಸಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಸುವ ಸ್ಕೆಚ್, ಅಷ್ಟು ಸಾಕು. ಪ್ರತಿ ಸ್ಕೆಚ್ಚಿನ ಹಿಂದೆ ನಿಮ್ಮ ಹೆಸರು, ನಂಬರಿನ ಮುದ್ರೆ ಒತ್ತಿ. ಮುಂದೆ ಹಳೆಯ ಫೋಟೋ ಮತ್ತು ಹೊಸ ಚಿತ್ರದ ಜೋಡಿ ಮಾದರಿ ಒಂದೇ ಒಂದು ಇರಲಿ. ಬಿಸಿಲಿಗೆ ಛತ್ರಿ, ಬೆವರಿದ ಕೈಯ ಕೆಳಗೆ ಇಡಲು ಒಂದು ಕಾಗದ, ಚಿಲ್ಲರೆ ಮರೆಯಬೇಡಿ. ಹದಿನೈದು ನಿಮಿಷದಲ್ಲಿ ಎದುರಿಗಿನ ಮುಖ ಹಿಡಿಯುವ ಅಭ್ಯಾಸ ಇಲ್ಲದಿದ್ದರೆ ಮೊದಲು ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕೂತು ಕೈ ಪಳಗಿಸಿಕೊಳ್ಳಿ.

ತೈಲವರ್ಣ? ಕಲಿಯಿರಿ, ಆದರೆ ಈ ವರ್ಷದ ಸಂಪಾದನೆ ಅದರ ಮೇಲೆ ನಿಂತಿಲ್ಲ. ಮನೆಗಳಿಗೆ ಚಾರ್ಕೋಲ್ ಸಾಕು, ತೈಲವರ್ಣ ಕೇಳುವುದು ಹೆಚ್ಚಾಗಿ ಮಠ ಮತ್ತು ಸಂಸ್ಥೆಗಳು. ಅದಕ್ಕೆ ಕ್ಯಾನ್ವಾಸ್, ಬಣ್ಣದ ಖರ್ಚು ಹೆಚ್ಚು. ಒಂದು ಪದರ ಒಣಗಿ ಇನ್ನೊಂದು ಹಾಕಲು ದಿನಗಟ್ಟಲೆ ಕಾಯಬೇಕು, ವಾರ್ನಿಷ್‌ಗಂತೂ ತಿಂಗಳುಗಟ್ಟಲೆ. ಮುಂದಿನ ವಾರಕ್ಕೆ ಬೇಕು ಅನ್ನುವವರಿಗೆ ಅದು ಆಗದ ಮಾತು. ಮೊದಲು ಮನೆಯಲ್ಲೇ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಎರಡು ಮೂರು ಮುಖ ಮಾಡಿ. ನಮ್ಮ ಮೈಬಣ್ಣಕ್ಕೆ ಟ್ಯೂಬಿನ ಫ್ಲೆಶ್ ಟಿಂಟ್ (ಸಿದ್ಧವಾಗಿ ಸಿಗುವ ಚರ್ಮದ ಬಣ್ಣ) ನಂಬಬೇಡಿ, ಗುಲಾಬಿಗೆ ತಿರುಗುತ್ತದೆ. ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಸ್ವಲ್ಪ ಅಲ್ಟ್ರಾಮರೀನ್, ಬಿಳಿ, ಇವುಗಳಿಂದ ಶುರುಮಾಡಿ. ಆ ಚಿತ್ರಗಳು ಫ್ರೇಮ್ ಅಂಗಡಿಯಲ್ಲಿ ಚಾರ್ಕೋಲ್ ಮಾದರಿಯ ಪಕ್ಕ ಒಂದಷ್ಟು ದಿನ ಇರಲಿ. ಯಾರಾದರೂ ಬೆಲೆ ಕೇಳಿದ ದಿನ ಚಾರ್ಕೋಲಿನ ಮೂರು ಪಟ್ಟಿಗೆ ಕಡಿಮೆ ಹೇಳಬೇಡಿ.